ಅನುದಾನ ಮುಗಿದ ಮೇಲೆ ಉಳಿಯುವುದೇನು?
ಅಮೆರಿಕದ ಬುಡಕಟ್ಟು ಕಾಲೇಜುಗಳ ಕೃಷಿ ವಿಸ್ತರಣೆ: ವಾಣಿಜ್ಯ ಸಮುದಾಯ ಗಮನಿಸಬೇಕಾದ ಸಂಗತಿಗಳು

ಹಾಕಿದ ಬಂಡವಾಳ ಎಷ್ಟು ಕಾಲದಲ್ಲಿ, ಯಾವ ರೂಪದಲ್ಲಿ ಮರಳುತ್ತದೆ ಎಂದು ಯೋಚಿಸದೆ ಯಾವ ವ್ಯಾಪಾರಿಯೂ ಗಲ್ಲಾಪೆಟ್ಟಿಗೆ ತೆರೆಯುವುದಿಲ್ಲ. ಆದರೆ ಅದೇ ಹಣಕ್ಕೆ ‘ಅನುದಾನ’ ಎಂಬ ಹೆಸರು ಬಂದೊಡನೆ ಪ್ರಶ್ನೆಯೇ ಬದಲಾಗಿಬಿಡುತ್ತದೆ. ಹಣ ನಿಗದಿತ ಅವಧಿಯಲ್ಲಿ ಖರ್ಚಾಯಿತೇ, ಬಳಕೆ ಪ್ರಮಾಣಪತ್ರ ಬಂದಿತೇ, ವರದಿಯೊಂದಿಗೆ ಛಾಯಾಚಿತ್ರಗಳನ್ನು ಲಗತ್ತಿಸಲಾಗಿದೆಯೇ ಎಂಬಲ್ಲಿಗೆ ವಿಚಾರಣೆ ಮುಗಿಯುತ್ತದೆ. ಅವಧಿ ತೀರಿದ ಮೇಲೆ ಆ ಊರಿನಲ್ಲಿ ಏನು ಉಳಿಯಿತು ಎಂದು ಕೇಳುವವರು ವಿರಳ. ಈ ಪ್ರಶ್ನೆಯನ್ನು ಮೂರು ದಶಕಗಳಿಂದ ಎದುರಿಸುತ್ತ ಬಂದಿರುವುವು ಅಮೆರಿಕದ ಮೂಲನಿವಾಸಿಗಳ ಬುಡಕಟ್ಟು ಕಾಲೇಜುಗಳು. ಅವುಗಳ ಅನುಭವದಲ್ಲಿ ಕರ್ನಾಟಕದ ಉದ್ಯಮಿಗಳಿಗೂ ಕಲಿಯುವುದಿದೆ.

ಈ ಎರಡು ನಾಡುಗಳ ನಡುವೆ ಹಳೆಯ ನಂಟೊಂದಿದೆ. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಆರಂಭವಾದಾಗ ಅದಕ್ಕೆ ಮೇಲ್ಪಂಕ್ತಿಯಾದದ್ದು ಅಮೆರಿಕದ ‘ಲ್ಯಾಂಡ್ ಗ್ರ್ಯಾಂಟ್’ ಮಾದರಿ. ಕೈಹಿಡಿದು ನಡೆಸಿದ್ದು ಟೆನೆಸಿ ವಿಶ್ವವಿದ್ಯಾಲಯ. ಬೋಧನೆ, ಸಂಶೋಧನೆ ಮತ್ತು ವಿಸ್ತರಣೆ ಒಂದೇ ಸೂರಿನಡಿ ಇರಬೇಕು, ಪ್ರಯೋಗಾಲಯದ ಫಲ ರೈತನ ಹೊಲದವರೆಗೂ ತಲುಪಬೇಕು ಎಂಬುದು ಆ ಮಾದರಿಯ ಸಾರ. ಅದೇ ಮಾದರಿ ತನ್ನ ತವರಿನಲ್ಲಿ ಯಾರನ್ನು ಹೊರಗಿಟ್ಟಿತ್ತು ಎಂಬುದನ್ನು ತಿಳಿಯುವುದೂ ಅಷ್ಟೇ ಅಗತ್ಯ.

ನೂರಾ ಮೂವತ್ತೆರಡು ವರ್ಷಗಳ ವಿಳಂಬ

1862ರ ಮಾರಿಲ್ ಕಾಯ್ದೆಯು ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜುಗಳಿಗಾಗಿ ರಾಜ್ಯಗಳಿಗೆ ಭೂಮಿಯನ್ನು ಹಂಚಿತು. ಅದನ್ನು ಮಾರಿ ಮೂಲನಿಧಿ ಕೂಡಿಸಿಕೊಳ್ಳುವುದು ಏರ್ಪಾಡು. ಆ ಭೂಮಿ ಬಂದದ್ದೆಲ್ಲಿಂದ? 2020ರಲ್ಲಿ ‘ಹೈ ಕಂಟ್ರಿ ನ್ಯೂಸ್’ ಪತ್ರಿಕೆ ಪ್ರಕಟಿಸಿದ ತನಿಖೆಯ ಪ್ರಕಾರ, ಹೀಗೆ ಹಂಚಲಾದ ಸುಮಾರು 1.07 ಕೋಟಿ ಎಕರೆ ನೆಲವು ಸುಮಾರು 250 ಬುಡಕಟ್ಟು ಸಮುದಾಯಗಳಿಂದ ಬಂದಿತ್ತು. 1887ರ ಡಾಸ್ ಕಾಯ್ದೆಯ ನಂತರವಂತೂ ಬುಡಕಟ್ಟುಗಳ ಕೈಯಲ್ಲಿದ್ದ 13.8 ಕೋಟಿ ಎಕರೆ 1934ರ ವೇಳೆಗೆ 4.8 ಕೋಟಿ ಎಕರೆಗೆ ಇಳಿಯಿತು.

ಬುಡಕಟ್ಟುಗಳೇ ನಡೆಸುವ ಮೊದಲ ಕಾಲೇಜು 1968ರಲ್ಲಿ ನವಾಹೋ ಜನಾಂಗದ ನಡುವೆ ಹುಟ್ಟಿತು. ಅದೇ ಇಂದಿನ ಡಿನೇ ಕಾಲೇಜು. ಇಂಥ 29 ಕಾಲೇಜುಗಳಿಗೆ ‘ಲ್ಯಾಂಡ್ ಗ್ರ್ಯಾಂಟ್’ ಸ್ಥಾನ ದೊರೆತದ್ದು 1994ರಲ್ಲಿ, ಅಂದರೆ ಮೂಲ ಕಾಯ್ದೆಯಾದ 132 ವರ್ಷಗಳ ನಂತರ. ಇಂದು ಅವುಗಳ ಸಂಖ್ಯೆ 35ರ ಆಸುಪಾಸಿನಲ್ಲಿದೆ. ಈ ಬಾರಿ ಭೂಮಿ ದೊರೆಯಲಿಲ್ಲ. ಬದಲಿಗೆ ಐದು ವರ್ಷಗಳಲ್ಲಿ 2.3 ಕೋಟಿ ಡಾಲರ್ ಮೂಲನಿಧಿ ಕೂಡಿಸಿ, ಅದರ ಬಡ್ಡಿಯನ್ನು ಕಾಲೇಜುಗಳಿಗೆ ಹಂಚುವ ವ್ಯವಸ್ಥೆಯಾಯಿತು. ಬಡ್ಡಿಯ ಶೇ. 60 ಭಾಗ ಮೂಲನಿವಾಸಿ ವಿದ್ಯಾರ್ಥಿಗಳ ಸಂಖ್ಯೆಗೆ ಅನುಗುಣವಾಗಿ, ಉಳಿದ ಶೇ. 40 ಭಾಗ ಎಲ್ಲರಿಗೂ ಸಮನಾಗಿ. ಇದರ ಜೊತೆಗೆ ಕೃಷಿ ಬೋಧನೆಗೆಂದು ಪ್ರತಿ ಕಾಲೇಜಿಗೆ ಕಾಯ್ದೆ ಮೊದಲಿಗೆ ನಿಗದಿಪಡಿಸಿದ್ದು ವರ್ಷಕ್ಕೆ 50,000 ಡಾಲರ್.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. 1862ರ ವಿಶ್ವವಿದ್ಯಾಲಯಗಳಿಗೆ ಸಂಶೋಧನೆ ಮತ್ತು ವಿಸ್ತರಣೆಯ ಕೇಂದ್ರ ಹಣ ಸೂತ್ರದ ಪ್ರಕಾರ ವರ್ಷವರ್ಷವೂ ಬರುತ್ತದೆ. ರಾಜ್ಯವೂ ಅದಕ್ಕೆ ತನ್ನ ಪಾಲನ್ನು ಸೇರಿಸುತ್ತದೆ. ಬುಡಕಟ್ಟು ಕಾಲೇಜು ಮಾತ್ರ ತನ್ನ ವಿಸ್ತರಣಾ ಕಾರ್ಯಕ್ಕೆ ಅರ್ಜಿ ಹಾಕಿ, ಅವಧಿ ಮುಗಿದಾಗ ಮತ್ತೆ ಅರ್ಜಿ ಹಾಕಬೇಕು. ಸಂಶೋಧನಾ ಅನುದಾನಕ್ಕಂತೂ ಹಳೆಯ ವಿಶ್ವವಿದ್ಯಾಲಯವನ್ನೋ ಅಂಥ ಬೇರೊಂದು ಸಂಸ್ಥೆಯನ್ನೋ ಜೊತೆಗಾರನನ್ನಾಗಿ ಮಾಡಿಕೊಳ್ಳಲೇಬೇಕು. ಒಬ್ಬನಿಗೆ ಸಂಬಳ, ಇನ್ನೊಬ್ಬನಿಗೆ ದಿನಗೂಲಿ ಎಂದರೆ ತಪ್ಪಾಗಲಾರದು.

ಒಂದೇ ಮೇಜು, ಹತ್ತು ಕೆಲಸ

ದೊಡ್ಡ ವಿಶ್ವವಿದ್ಯಾಲಯದಲ್ಲಿ ಅರ್ಜಿ ಬರೆಯುವವರೇ ಬೇರೆ, ಲೆಕ್ಕ ಇಡುವವರೇ ಬೇರೆ, ಹಳ್ಳಿಗೆ ಹೋಗುವವರೇ ಬೇರೆ. ಸಣ್ಣ ಬುಡಕಟ್ಟು ಕಾಲೇಜಿನಲ್ಲಿ ಈ ಕೆಲಸಗಳಲ್ಲಿ ಹಲವು ಒಬ್ಬನೇ ಸಂಯೋಜಕನ ಮೇಜಿಗೆ ಬರುತ್ತವೆ. ಪ್ರತಿ ಅನುದಾನಕ್ಕೂ ಪ್ರತ್ಯೇಕ ಖಾತೆ, ಸಿಬ್ಬಂದಿಯ ಕೆಲಸದ ವೇಳೆಯ ದಾಖಲೆ, ಖರೀದಿಗೆ ದರಪಟ್ಟಿ, ಸಾಮಗ್ರಿಗಳ ದಾಸ್ತಾನು ಪುಸ್ತಕ, ಅವಧಿವಾರು ವರದಿ ಇವೆಲ್ಲವೂ ಕಡ್ಡಾಯ. ವರ್ಷದಲ್ಲಿ ನಿಗದಿತ ಮಿತಿಗಿಂತ ಹೆಚ್ಚು ಕೇಂದ್ರ ಹಣ ಖರ್ಚು ಮಾಡಿದರೆ ವಿಶೇಷ ಲೆಕ್ಕಪರಿಶೋಧನೆಗೆ ಒಳಗಾಗಬೇಕು. ಬಹುಕಾಲ 7.5 ಲಕ್ಷ ಡಾಲರ್ ಇದ್ದ ಆ ಮಿತಿಯನ್ನು 2024ರ ಪರಿಷ್ಕರಣೆ 10 ಲಕ್ಷ ಡಾಲರಿಗೆ ಏರಿಸಿತು. ಕಚೇರಿಯ ಬಾಡಿಗೆ, ವಿದ್ಯುತ್, ಲೆಕ್ಕಿಗನ ಸಂಬಳದಂಥ ಪರೋಕ್ಷ ವೆಚ್ಚಕ್ಕೆ ಪ್ರತ್ಯೇಕ ದರ ಮಾಡಿಕೊಂಡಿಲ್ಲದ ಸಂಸ್ಥೆಗಳಿಗೆ ಅನ್ವಯಿಸುವ ಸಾಮಾನ್ಯ ದರವೂ ಅದೇ ವರ್ಷ ಶೇ. 10ರಿಂದ ಶೇ. 15ಕ್ಕೆ ಏರಿತು. ಸುಧಾರಣೆ ಸ್ವಾಗತಾರ್ಹವೇ ಸರಿ. ಆದರೆ ಅದು ಬರಲು ತೀರ ತಡವಾಯಿತು.

ಇದರ ನಿಜವಾದ ಬೆಲೆ ತೆರುವವನು ರೈತ. ವಿಸ್ತರಣೆ ಎಂಬುದು ನಂಬಿಕೆಯ ವ್ಯವಹಾರ. ಮಣ್ಣಿನ ಪರೀಕ್ಷೆ, ಹುಲ್ಲುಗಾವಲಿನ ಸರದಿ ಮೇವು, ಬಿತ್ತನೆ ಬೀಜದ ಸಂಗ್ರಹ, ಮಾಂಸ ಅಥವಾ ತರಕಾರಿಯ ಸಂಸ್ಕರಣೆ ಇವುಗಳಲ್ಲಿ ಯಾವುದೂ ಎರಡು ವರ್ಷಗಳಲ್ಲಿ ಕೈಗೂಡುವಂಥದ್ದಲ್ಲ. ಅಧಿಕಾರಿಯ ಮುಖ ಪರಿಚಯವಾಗುವಷ್ಟರಲ್ಲಿ ಅನುದಾನ ತೀರಿ ಅವನು ಬೇರೆ ಕೆಲಸ ಹುಡುಕಿಕೊಂಡರೆ, ಮುಂದೆ ಬರುವವನು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಮೀಸಲು ಪ್ರದೇಶಗಳಲ್ಲಿ ವಿಸ್ತರಣಾಧಿಕಾರಿಗಳನ್ನು ನೇಮಿಸುವ ಪ್ರತ್ಯೇಕ ಕೇಂದ್ರ ಯೋಜನೆಯ ಕಥೆಯೂ ಇದೇ. 1990ರ ಕೃಷಿ ಕಾಯ್ದೆಯಿಂದ ಹುಟ್ಟಿದ ಆ ಯೋಜನೆಯ ಹಣ ದೀರ್ಘಕಾಲ ವರ್ಷಕ್ಕೆ 30 ಲಕ್ಷ ಡಾಲರಿನ ಆಸುಪಾಸಿನಲ್ಲೇ ನಿಂತಿತ್ತು. ಅದು ಹಳೆಯ ವಿಶ್ವವಿದ್ಯಾಲಯಗಳ ಮೂಲಕವೇ ಹರಿಯುತ್ತಿತ್ತು. 2018ರ ಕೃಷಿ ಕಾಯ್ದೆ ಬುಡಕಟ್ಟು ಕಾಲೇಜುಗಳಿಗೂ ಅದರ ಬಾಗಿಲು ತೆರೆಯಿತು. ಪಂಕ್ತಿ ಉದ್ದವಾಯಿತು, ಅಡುಗೆ ಹೆಚ್ಚಲಿಲ್ಲ. ಒಂದು ಮೀಸಲು ಪ್ರದೇಶಕ್ಕೆ ಹೊಸ ಅಧಿಕಾರಿ ಬರಬೇಕಾದರೆ ಇನ್ನೊಂದು ಪ್ರದೇಶ ತನ್ನವನನ್ನು ಕಳೆದುಕೊಳ್ಳಬೇಕಾದ ಪರಿಸ್ಥಿತಿ ಒದಗಿತು.

ಮಾರುಕಟ್ಟೆಯ ಪಾಠ

ಸಂಶೋಧನೆಯ ಹಣ ಯಾರ ಕೈಯಲ್ಲಿದೆ ಎಂಬುದು ವ್ಯಾಪಾರವನ್ನೇ ಬದಲಿಸಬಲ್ಲದು. ಮಿನೆಸೋಟಾದ ಕೆರೆಗಳಲ್ಲಿ ತಾನಾಗಿ ಬೆಳೆಯುವ ಮನೂಮಿನ್ ಎಂಬ ಕಾಡು ಅಕ್ಕಿಯನ್ನು ಒಜಿಬ್ವೆ ಜನರು ದೋಣಿಯಲ್ಲಿ ಸಾಗಿ, ಕೋಲಿನಿಂದ ಬಡಿದು ಸಂಗ್ರಹಿಸುತ್ತಾರೆ. ಆ ರಾಜ್ಯದ ವಿಶ್ವವಿದ್ಯಾಲಯವು ಕಾಳು ಉದುರದ, ಗದ್ದೆಯಲ್ಲಿ ಬೆಳೆದು ಯಂತ್ರದಿಂದ ಕೊಯ್ಯಬಹುದಾದ ತಳಿಗಳನ್ನು ಅಭಿವೃದ್ಧಿಪಡಿಸಿತು. 1980ರ ದಶಕದಲ್ಲಿ ಗದ್ದೆಯ ಬೆಳೆಯಲ್ಲಿ ಕ್ಯಾಲಿಫೋರ್ನಿಯ ಮುಂದಾಯಿತು, ಬೆಲೆ ಕುಸಿಯಿತು. ವಿಜ್ಞಾನಿಗಳ ದೃಷ್ಟಿಯಲ್ಲಿ ಅದು ಯಶಸ್ಸು. ಕೆರೆಯನ್ನೇ ನಂಬಿದವರ ದೃಷ್ಟಿಯಲ್ಲಿ ನಷ್ಟ. ಸಂಶೋಧನೆಯ ಪ್ರಶ್ನೆಯನ್ನು ಸ್ಥಳೀಯ ಕಾಲೇಜೇ ಆರಿಸಿಕೊಳ್ಳುವಂತಿರಬೇಕು ಎಂಬ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಉತ್ಪನ್ನ ಚೆನ್ನಾಗಿದ್ದರೂ ಬಂಡವಾಳದ ಬೆನ್ನೆಲುಬಿಲ್ಲದಿದ್ದರೆ ಏನಾದೀತು ಎಂಬುದಕ್ಕೆ ದಕ್ಷಿಣ ಡಕೋಟದ ಪೈನ್ ರಿಡ್ಜ್ ಮೀಸಲು ಪ್ರದೇಶವೇ ಸಾಕ್ಷಿ. ಓಗ್ಲಾಲ ಲಕೋಟ ಕಾಲೇಜಿನ ಕೇಂದ್ರ ಕಚೇರಿ ಇರುವ ಕೈಲ್ ಊರಿನಲ್ಲೇ ಮೂಲನಿವಾಸಿಗಳ ಸಣ್ಣ ಉದ್ಯಮವೊಂದು 2007ರಲ್ಲಿ ಬೈಸನ್ ಮಾಂಸ ಮತ್ತು ಕ್ರ್ಯಾನ್‌ಬೆರಿ ಹಣ್ಣು ಸೇರಿಸಿದ ‘ಟಂಕಾ ಬಾರ್’ ಎಂಬ ತಿನಿಸನ್ನು ಮಾರುಕಟ್ಟೆಗೆ ತಂದಿತು. ಹೊಸದೊಂದು ಬಗೆಯ ಸರಕಿಗೇ ಅದು ನಾಂದಿ ಹಾಡಿತು. ಆದರೆ ಅದೇ ಬಗೆಯ ಸರಕು ತಯಾರಿಸುತ್ತಿದ್ದ ‘ಎಪಿಕ್’ ಕಂಪನಿಯನ್ನು 2016ರಲ್ಲಿ ಜನರಲ್ ಮಿಲ್ಸ್ ಕೊಂಡುಕೊಂಡ ಮೇಲೆ, ಅಂಗಡಿಗಳ ಕಪಾಟಿನಲ್ಲಿ ಟಂಕಾದ ಸ್ಥಾನ ಕುಗ್ಗಿತು. ಮೀಸಲು ಪ್ರದೇಶದ ನೆಲ ಬಹುಪಾಲು ಕೇಂದ್ರ ಸರ್ಕಾರದ ನ್ಯಾಸದಲ್ಲಿರುವುದರಿಂದ ಅದನ್ನು ಅಡವಿಟ್ಟು ಸಾಲ ಎತ್ತುವುದು ಸುಲಭವಲ್ಲ. ಸಾಲ ನೀಡಿಕೆಯಲ್ಲಿ ತಾರತಮ್ಯವಾಗಿದೆ ಎಂದು ಮೂಲನಿವಾಸಿ ರೈತರು 1999ರಲ್ಲಿ ಕೃಷಿ ಇಲಾಖೆಯ ಮೇಲೆ ಹೂಡಿದ ಕೀಪ್‌ಸೀಗಲ್ ಮೊಕದ್ದಮೆ 2010ರಲ್ಲಿ 76 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ಅನುದಾನ ಜನರನ್ನು ಸೋಮಾರಿಗಳನ್ನಾಗಿಸುತ್ತದೆ ಎಂದು ಹೇಳುವವರು, ಸಾಲದ ಬಾಗಿಲು ಯಾರಿಗೆ ಎಷ್ಟು ತೆರೆದಿತ್ತು ಎಂಬುದನ್ನೂ ನೋಡಬೇಕು.

ಆಶಾದಾಯಕ ಉದಾಹರಣೆಯೂ ಇದೆ. ಬಡ ಕುಟುಂಬಗಳಿಗೆ ಹಂಚುವ ಆಹಾರವನ್ನು ಬುಡಕಟ್ಟುಗಳೇ ಆರಿಸಿ ಖರೀದಿಸುವ ಪ್ರಾಯೋಗಿಕ ಯೋಜನೆಗೆ 2018ರ ಕಾಯ್ದೆ ಅವಕಾಶ ನೀಡಿತು. 2021ರಲ್ಲಿ ಅದಕ್ಕೆ ಸೇರಿದ ಮೊದಲಿಗರಲ್ಲಿ ವಿಸ್ಕಾನ್ಸಿನ್ನಿನ ಮೆನಾಮಿನಿ ಮತ್ತು ಒನೈಡಾ ಜನಾಂಗಗಳಿದ್ದವು. ಕೊಳ್ಳುವವನು ಖಚಿತನಾದಾಗ ಬೆಳೆಗಾರ ಧೈರ್ಯವಾಗಿ ಬಿತ್ತಬಲ್ಲ, ಸಂಸ್ಕರಣಾ ಘಟಕ ಧೈರ್ಯವಾಗಿ ಯಂತ್ರ ಕೊಳ್ಳಬಲ್ಲದು. ಇದಕ್ಕೆ ವ್ಯತಿರಿಕ್ತವಾಗಿ, 2025ರ ಮಾರ್ಚಿನಲ್ಲಿ ರಾಜ್ಯಗಳು ಮತ್ತು ಬುಡಕಟ್ಟುಗಳ ಮೂಲಕ ನಡೆಯುತ್ತಿದ್ದ ಸ್ಥಳೀಯ ಆಹಾರ ಖರೀದಿ ನೆರವಿನ ಮುಂದಿನ ಸುತ್ತನ್ನು ಕೃಷಿ ಇಲಾಖೆ ರದ್ದುಪಡಿಸಿತು. ಒಂದೇ ಗಿರಾಕಿಯನ್ನು ನಂಬಿದ ಉದ್ಯಮದ ಪಾಡು ಏನೆಂಬುದು ವ್ಯಾಪಾರಿಗಳಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಸ್ಪರ್ಧೆ ಬೇಡವೇ?

ಅರ್ಜಿಯ ಸ್ಪರ್ಧೆಯಿಂದ ಉತ್ತಮ ಯೋಜನೆಗಳು ಮೇಲೆ ಬರುತ್ತವೆ, ಸಾರ್ವಜನಿಕ ಹಣಕ್ಕೆ ಲೆಕ್ಕ ಇರಲೇಬೇಕು ಎಂಬ ವಾದದಲ್ಲಿ ಹುರುಳಿದೆ. ಲೆಕ್ಕ ಬೇಡವೆಂದು ಯಾರೂ ಹೇಳಲಾರರು. ಹೊಸ ಪ್ರಯೋಗಕ್ಕೆ, ಹೊಸ ಯಂತ್ರಕ್ಕೆ, ಹೊಸ ತಳಿಗೆ ಸ್ಪರ್ಧೆ ಇರಲಿ. ಆದರೆ ವಿಸ್ತರಣಾಧಿಕಾರಿಯ ಸಂಬಳ, ಲೆಕ್ಕಿಗನ ಮೇಜು, ಹಳ್ಳಿಗೆ ಹೋಗುವ ವಾಹನ ಇವು ಪ್ರಯೋಗಗಳಲ್ಲ, ಅಡಿಪಾಯ. ಅಡಿಪಾಯವನ್ನು ಎರಡು ಮೂರು ವರ್ಷಕ್ಕೊಮ್ಮೆ ಹರಾಜಿಗಿಟ್ಟರೆ, ಅರ್ಜಿ ಬರೆಯುವ ಕಲೆ ಬಲ್ಲವನು ಗೆಲ್ಲುತ್ತಾನೆಯೇ ಹೊರತು ಕೃಷಿ ಬಲ್ಲವನಲ್ಲ.

ಕರ್ನಾಟಕದ ಉದ್ಯಮಿಗಳು ಮಾಡಬಹುದಾದದ್ದು

2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಅಂದರೆ ಉದ್ಯಮಿಗಳೇ ಇಂದು ಅನುದಾನ ನೀಡುವ ಸ್ಥಾನದಲ್ಲಿದ್ದಾರೆ. 2021ರ ತಿದ್ದುಪಡಿ ನಿಯಮಗಳು ಆರಂಭದ ವರ್ಷವಲ್ಲದೆ ಮತ್ತೆ ಮೂರು ವರ್ಷಗಳವರೆಗೆ ಮುಂದುವರಿಯುವ ಯೋಜನೆಗಳಿಗೆ ಅವಕಾಶ ನೀಡಿವೆ. ಮಾರ್ಚ್ ತಿಂಗಳ ಕೊನೆಯಲ್ಲಿ ಆತುರಾತುರವಾಗಿ ಹಣ ಹಂಚುವ ಬದಲು ಈ ಅವಕಾಶವನ್ನು ಪೂರ್ಣವಾಗಿ ಬಳಸಿಕೊಳ್ಳುವುದು ವಿವೇಕ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಜೇನಿರಲಿ, ಲ್ಯಾಂಪ್ಸ್ ಸಹಕಾರ ಸಂಘಗಳು ಸಂಗ್ರಹಿಸುವ ಕಿರು ಅರಣ್ಯ ಉತ್ಪನ್ನಗಳಿರಲಿ, ನೆರವು ನೀಡುವ ಮುನ್ನ ನಾಲ್ಕು ಅಂಶಗಳನ್ನು ಗಮನಿಸಬಹುದು. ಮೊದಲನೆಯದಾಗಿ, ಯಂತ್ರಕ್ಕಿಂತ ಮುಂಚೆ ಅದನ್ನು ನಡೆಸುವವನ ಸಂಬಳಕ್ಕೆ ಹಣ ತೆಗೆದಿರಿಸಬೇಕು. ಎರಡನೆಯದಾಗಿ, ಲೆಕ್ಕಪತ್ರದ ವೆಚ್ಚವನ್ನು ‘ಅನುತ್ಪಾದಕ’ವೆಂದು ಕತ್ತರಿಸಬಾರದು, ಲೆಕ್ಕ ಕೇಳುವವರು ಲೆಕ್ಕ ಇಡುವ ಖರ್ಚನ್ನೂ ಭರಿಸಬೇಕು. ಮೂರನೆಯದಾಗಿ, ತರಬೇತಿಯ ಜೊತೆಗೆ ಖರೀದಿಯ ಒಪ್ಪಂದವೂ ಇರಬೇಕು. ಸಾಮಾಜಿಕ ಹೊಣೆಗಾರಿಕೆಯ ಮಿತಿಗೆ ಬಾರದ ಸಣ್ಣ ತಯಾರಕರೂ ಸಗಟು ವ್ಯಾಪಾರಿಗಳೂ ನೆರವಾಗಬಹುದಾದದ್ದು ಇಲ್ಲಿಯೇ: ಗುಣಮಟ್ಟ, ಪ್ರಮಾಣ, ಬೆಲೆ, ಪಾವತಿಯ ದಿನ ಇವಿಷ್ಟನ್ನು ಮುಂಚಿತವಾಗಿ ತಿಳಿಸಿದರೆ ಅದೇ ದೊಡ್ಡ ಅನುದಾನ. ನಾಲ್ಕನೆಯದಾಗಿ, ಯೋಜನೆ ಮುಗಿದ ಎರಡು ವರ್ಷಗಳ ನಂತರ ಒಮ್ಮೆ ಹೋಗಿ ನೋಡಬೇಕು. ಕೊಟ್ಟ ಯಂತ್ರ ತಿರುಗುತ್ತಿದೆಯೇ, ಮಾಲು ಮಾರಾಟವಾಗುತ್ತಿದೆಯೇ, ಕಲಿತವನು ಊರಿನಲ್ಲೇ ಇದ್ದಾನೆಯೇ ಎಂಬ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರವೇ ನಿಜವಾದ ವರದಿ.

ಕೆರೆ ಕಟ್ಟಿಸಿದವನ ಹೆಸರು ಉಳಿಯುವುದು ಕಲ್ಲಿನ ಮೇಲಿನ ಬರಹದಿಂದಲ್ಲ, ಬೇಸಿಗೆಯಲ್ಲೂ ನಿಲ್ಲುವ ನೀರಿನಿಂದ. ಬುಡಕಟ್ಟು ಕಾಲೇಜುಗಳು ಕೇಳುತ್ತಿರುವುದು ದಾನವನ್ನಲ್ಲ; ಹಳೆಯ ವಿಶ್ವವಿದ್ಯಾಲಯಗಳಿಗೆ ಶತಮಾನದಿಂದ ದೊರೆಯುತ್ತಿರುವ ನಿಶ್ಚಿತತೆಯನ್ನು. ವ್ಯಾಪಾರ ನಿಂತಿರುವುದೇ ಆ ನಿಶ್ಚಿತತೆಯ ಮೇಲೆ ಎಂಬುದನ್ನು ಬಲ್ಲ ವಾಣಿಜ್ಯ ಸಮುದಾಯವು ತಾನು ನೀಡುವ ನೆರವಿನಲ್ಲಾದರೂ ಅದನ್ನು ಪಾಲಿಸಬೇಕು.