ಲೋಕಕ್ಕೆಲ್ಲ ವಿದಾಯ, ಪಕ್ಕದವನಿಗೆ ಮೌನ

1995ರ ಜುಲೈಯಲ್ಲಿ ಅಮೆರಿಕದ ರಮೋನ್ಸ್ ಎಂಬ ಪಂಕ್ ರಾಕ್ ಬ್ಯಾಂಡ್ ತನ್ನ 14ನೆಯ, ಹಾಗೂ ಕೊನೆಯ, ಸ್ಟುಡಿಯೊ ಆಲ್ಬಂ ಹೊರತಂದಿತು. ಹೆಸರು 'ಅಡಿಯೋಸ್ ಅಮಿಗೋಸ್'. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ 'ವಿದಾಯ, ಗೆಳೆಯರೇ'. ಮುಖಪುಟದಲ್ಲಿ ಮೆಕ್ಸಿಕೊದ ಅಗಲ ಟೋಪಿ ತೊಟ್ಟ ಎರಡು ಡೈನೋಸಾರ್‌ಗಳು. ನಮ್ಮ ಕಾಲ ಮುಗಿಯಿತು ಎಂದು ತಮ್ಮನ್ನೇ ತಾವು ಗೇಲಿ ಮಾಡಿಕೊಂಡಂತಿದೆ ಆ ಚಿತ್ರ. ಆದರೆ ಲೋಕಕ್ಕೆ ಇಷ್ಟು ಚೆಂದವಾಗಿ ವಿದಾಯ ಹೇಳಿದ ಈ ಬ್ಯಾಂಡಿನ ಇಬ್ಬರು ಮುಖ್ಯ ಸದಸ್ಯರ ನಡುವೆ ಮಾತುಕತೆ ನಿಂತು ಆಗಲೇ ಹತ್ತು ವರ್ಷ ಮೀರಿತ್ತು. ಅವರ ಕಥೆಯಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ.

ರಮೋನ್ಸ್ ಹುಟ್ಟಿದ್ದು 1974ರಲ್ಲಿ, ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ. ರಕ್ತಸಂಬಂಧಿಗಳಲ್ಲದ ಯುವಕರು 'ರಮೋನ್' ಎಂಬ ಒಂದೇ ಮನೆತನದ ಹೆಸರು ಇಟ್ಟುಕೊಂಡರು. ದೊಡ್ಡ ದೊಡ್ಡ ಗಿಟಾರ್ ಪ್ರದರ್ಶನಗಳ ಆ ಕಾಲದಲ್ಲಿ ಇವರ ಹಾಡುಗಳು ಚಿಕ್ಕವು, ವೇಗದವು, ಸರಳವಾದವು. 1976ರ ಮೊದಲ ಆಲ್ಬಂನ 14 ಹಾಡುಗಳನ್ನೂ ಕೇಳಿ ಮುಗಿಸಲು ಅರ್ಧ ಗಂಟೆ ಸಾಕು. ಹೆಚ್ಚು ಕಲಿತಿರದ ಹುಡುಗರೂ ಬ್ಯಾಂಡ್ ಕಟ್ಟಬಹುದು ಎಂಬ ಧೈರ್ಯ ಎಷ್ಟೋ ಊರುಗಳ ಯುವಕರಿಗೆ ಇವರಿಂದ ಬಂತು. ಆದರೆ ಇವರ ಆಲ್ಬಂಗಳು ಮಾತ್ರ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ.

ಕೊನೆಯ ಆಲ್ಬಂ ಗೆಲ್ಲದಿದ್ದರೆ ಬ್ಯಾಂಡ್ ಮುಚ್ಚುತ್ತೇವೆ ಎಂದು ಅವರು ಮೊದಲೇ ಸಾರಿದ್ದರು. ಆಲ್ಬಂ ಗೆಲ್ಲಲಿಲ್ಲ. ವಿದಾಯದ ಪ್ರವಾಸ ಶುರುವಾಯಿತು. 1996ರ ಮಾರ್ಚ್‌ನಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ, ರಿವರ್ ಪ್ಲೇಟ್ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಹಾಡಿದರು. ಆ ಬೇಸಿಗೆಯಲ್ಲಿ ಲೊಲ್ಲಾಪಲೂಜಾ ಸಂಗೀತೋತ್ಸವದ ಕರೆ ಬಂದದ್ದರಿಂದ ಪ್ರವಾಸ ಇನ್ನಷ್ಟು ಬೆಳೆಯಿತು. ಕೊನೆಗೆ ಆಗಸ್ಟ್ 6ರಂದು ಹಾಲಿವುಡ್‌ನ ಪ್ಯಾಲೇಸ್ ಸಭಾಂಗಣದಲ್ಲಿ ಕೊನೆಯ ಪ್ರದರ್ಶನ ನಡೆಯಿತು. ಅದು ಅವರ 2,263ನೆಯದು. ಏಳು ವರ್ಷ ಹಿಂದೆ ಬ್ಯಾಂಡ್ ಬಿಟ್ಟಿದ್ದ ಡೀ ಡೀ ರಮೋನ್ ಕೂಡ ಅಂದು ವೇದಿಕೆಗೆ ಬಂದು ಒಂದು ಹಾಡು ಹಾಡಿದರು.

ಈ 22 ವರ್ಷ ಗಾಯಕ ಜೋಯಿ ಮತ್ತು ಗಿಟಾರ್ ವಾದಕ ಜಾನಿ ಒಂದೇ ವೇದಿಕೆಯಲ್ಲಿದ್ದರು, ಊರಿಂದೂರಿಗೆ ಒಂದೇ ವ್ಯಾನಿನಲ್ಲಿ ಹೋಗುತ್ತಿದ್ದರು. ರಾಜಕೀಯದಲ್ಲಿ ಒಬ್ಬರದು ಒಂದು ದಿಕ್ಕು, ಇನ್ನೊಬ್ಬರದು ಇನ್ನೊಂದು. ಅದರ ಮೇಲೆ 1980ರ ದಶಕದ ಆರಂಭದಲ್ಲಿ ಅವರ ಖಾಸಗಿ ಬದುಕಿನಲ್ಲೂ ಒಂದು ನೋವಿನ ಸಂಗತಿ ನಡೆಯಿತು. ಆಮೇಲೆ ಅವರ ನಡುವೆ ಉಳಿದದ್ದು ಕೆಲಸವೊಂದೇ.

ಇದನ್ನು ಮೆಚ್ಚುವವರಿದ್ದಾರೆ. ಮನಸ್ತಾಪವಿದ್ದರೂ ಕೆಲಸ ಕೆಡಿಸಲಿಲ್ಲ, ಟಿಕೆಟ್ ಕೊಂಡು ಬಂದವರಿಗೆ ಮೋಸ ಮಾಡಲಿಲ್ಲ, ಇದೇ ನಿಜವಾದ ಶಿಸ್ತು ಎನ್ನುತ್ತಾರೆ. ಅದರಲ್ಲಿ ಸತ್ಯವಿದೆ. ಜಗಳವಾಡಿ ಎರಡೇ ವರ್ಷಕ್ಕೆ ಒಡೆದುಹೋದ ಬ್ಯಾಂಡ್‌ಗಳು ಎಷ್ಟೋ ಇವೆ. ಆ ಶಿಸ್ತನ್ನು ನಾನೂ ಗೌರವಿಸುತ್ತೇನೆ. ಆದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂಬುದೇ ಮಾತನಾಡದಿರಲು ನೆಪವೂ ಆಗುತ್ತದೆ. ಇಂದಿನ ಕಾರ್ಯಕ್ರಮ ಮುಗಿಯಲಿ, ಈ ಪ್ರವಾಸ ಮುಗಿಯಲಿ ಎನ್ನುತ್ತಲೇ ವರ್ಷಗಳು ಕಳೆದುಹೋಗುತ್ತವೆ.

ಪ್ರವಾಸವೇನೋ ಮುಗಿಯಿತು. ಮಾತು ಮಾತ್ರ ಶುರುವಾಗಲಿಲ್ಲ. 2001ರ ಏಪ್ರಿಲ್‌ನಲ್ಲಿ ಜೋಯಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಇಬ್ಬರೂ ರಾಜಿಯಾಗಿರಲಿಲ್ಲ. ಮರುವರ್ಷ ರಾಕ್ ಸಂಗೀತದ ದೊಡ್ಡ ಗೌರವವಾದ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಬ್ಯಾಂಡ್ ಸೇರಿತು. ಆ ಸಂಭ್ರಮದಲ್ಲಿ ಜೋಯಿ ಇರಲಿಲ್ಲ. 2002ರ ಜೂನ್‌ನಲ್ಲಿ ಡೀ ಡೀ, 2004ರ ಸೆಪ್ಟೆಂಬರ್‌ನಲ್ಲಿ ಜಾನಿ ತೀರಿಕೊಂಡರು. ಮೂವರಿಗೂ 60 ತುಂಬಿರಲಿಲ್ಲ. 1976ರ ಆ ಮೊದಲ ಆಲ್ಬಂಗೆ ಅಮೆರಿಕದಲ್ಲಿ ಚಿನ್ನದ ಮನ್ನಣೆ ಸಿಕ್ಕಿದ್ದು 2014ರಲ್ಲಿ. ಹಣ, ಹೆಸರು, ಗೌರವ ತಡವಾಗಿಯಾದರೂ ಬರಬಹುದು. ಆಡದೆ ಉಳಿದ ಮಾತಿಗೆ ಆ ಅನುಕೂಲವಿಲ್ಲ.

ದ್ವಿತೀಯ ಪಿಯುಸಿಯವರಿಗೆ ಇನ್ನು ಕೆಲವೇ ದಿನಗಳಲ್ಲಿ ಬೀಳ್ಕೊಡುಗೆ ಸಮಾರಂಭ. ಭಾಷಣ, ಗುಂಪು ಫೋಟೊ, ಊಟ ಎಲ್ಲವೂ ಇರುತ್ತದೆ. ನಮ್ಮ ತರಗತಿಗಳಲ್ಲೂ ಒಂದೇ ಬೆಂಚಿನಲ್ಲಿ ಕೂತು, ಒಂದೇ ಲ್ಯಾಬ್ ಬ್ಯಾಚ್‌ನಲ್ಲಿ ಕೆಲಸ ಮಾಡಿಯೂ ಮಾತು ಬಿಟ್ಟವರಿದ್ದಾರೆ. ಕಾರಣ ಒಂದು ತಂಡದ ಆಯ್ಕೆ ಇರಬಹುದು, ಯಾರೋ ಹೇಳಿದ ಚಾಡಿ ಇರಬಹುದು. ತಪ್ಪು ಯಾರದೆಂದು ತೀರ್ಮಾನಿಸಲೇಬೇಕಿಲ್ಲ, ಮತ್ತೆ ಆಪ್ತ ಗೆಳೆಯರಾಗಲೇಬೇಕೆಂದೂ ಇಲ್ಲ. ಪರೀಕ್ಷೆ ಮುಗಿಯಲಿ ಎಂದು ಕಾಯದೆ, ಎದುರಿಗೆ ಸಿಕ್ಕಾಗ 'ಹೇಗಿದ್ದೀಯ?' ಎಂದು ಕೇಳಿದರೆ ಸಾಕು. ವೇದಿಕೆ ಮೇಲೆ ಎಲ್ಲರಿಗೂ ವಿದಾಯ ಹೇಳುವ ಮೊದಲು ಆ ಒಬ್ಬರ ಜೊತೆ ಮಾತಾಡೋಣ.