ಅಡುಗೆಮನೆಯ ವ್ರತ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಭೋಗೋಪಭೋಗ ಪರಿಮಾಣವೂ ಒಂದು. ಒಮ್ಮೆ ಅನುಭವಿಸಿದೊಡನೆ ಮುಗಿದುಹೋಗುವ ಅನ್ನದಂಥದ್ದು ಭೋಗ. ಬಟ್ಟೆ, ಆಭರಣಗಳಂತೆ ಮತ್ತೆ ಮತ್ತೆ ಬಳಕೆಗೆ ಬರುವುದು ಉಪಭೋಗ. ಎರಡಕ್ಕೂ ಗೃಹಸ್ಥನು ತಾನೇ ಎಲ್ಲೆ ಹಾಕಿಕೊಳ್ಳಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ತ್ಯಾಗವನ್ನು ಎರಡು ಬಗೆಯಾಗಿ ಹೇಳಿದ್ದಾರೆ: ಜೀವನಪರ್ಯಂತ ಪಾಲಿಸುವುದು ಯಮ, ಕಾಲಮಿತಿಯುಳ್ಳದ್ದು ನಿಯಮ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು ಎಂದು ಗೊತ್ತುಪಡಿಸಿಕೊಂಡರೂ ಅದು ನಿಯಮವೇ. ಸಂಸಾರದಲ್ಲಿರುವವರ ಶಕ್ತಿಯನ್ನು ಆಚಾರ್ಯರು ಎಷ್ಟು ಚೆನ್ನಾಗಿ ಅರಿತಿದ್ದರು!

ಇಂದು ನಗರದ ಮನೆಗಳಲ್ಲಿ ಈ ವ್ರತವು ಸಡಿಲವಾಗುವುದು ಹೆಚ್ಚಾಗಿ ಹೋಟೆಲಿನ ಊಟದಿಂದ. ನಾಲ್ವರ ಕುಟುಂಬವೊಂದು ವಾರಕ್ಕೊಮ್ಮೆ ಹೊರಗೆ ಉಂಡು ₹1,000 ತೆರುತ್ತದೆ ಎಂದಿಟ್ಟುಕೊಂಡರೆ, ಅದೇ ಊಟಕ್ಕೆ ಬೇಕಾದ ಅಕ್ಕಿ, ಬೇಳೆ, ತರಕಾರಿ, ತುಪ್ಪಕ್ಕೆ ಮನೆಯಲ್ಲಿ ₹300 ಸಾಕೆಂದರೆ, 52 ವಾರಗಳಲ್ಲಿ ಉಳಿಯುವುದು ₹36,400. ಮಧ್ಯಮವರ್ಗದ ಮನೆಗೆ ಇದು ಅಲ್ಪ ಮೊತ್ತವಲ್ಲ.

ಆದರೆ ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಹಾಕದ್ದನ್ನು ಹೋಟೆಲಿನವರು ‘ಜೈನ್ ಊಟ’ವೆಂದು ಬಡಿಸುತ್ತಾರೆ. ನೀರನ್ನು ಸೋಸಿದರೇ, ಹಿಟ್ಟು ಎಂದಿನದು, ಸೂರ್ಯಾಸ್ತಕ್ಕೆ ಮುನ್ನ ಬೇಯಿಸಿದರೇ ಎಂದು ಅವರನ್ನು ಕೇಳುವಂತಿಲ್ಲ. ಅದು ಅವರ ವ್ಯಾಪಾರ. ಹೊರಗೆ ಉಣ್ಣುವ ಹೊತ್ತೋ ಸಾಮಾನ್ಯವಾಗಿ ರಾತ್ರಿ ಒಂಬತ್ತು ಗಂಟೆ. ಕಂದಮೂಲ ಬಿಟ್ಟವರು ರಾತ್ರಿಭೋಜನವನ್ನು ಬಿಡದಿರುವುದು ವಿಚಿತ್ರವಾದ ವ್ರತಪಾಲನೆ.

ಇದಕ್ಕಿಂತ ದೊಡ್ಡ ನಷ್ಟ ಬೇರೊಂದಿದೆ. ದಿಗಂಬರ ಮುನಿಗಳು ದಿನಕ್ಕೊಮ್ಮೆ ನಿಂತು, ಬೊಗಸೆಯೇ ಪಾತ್ರೆಯಾಗಿ ಆಹಾರ ಸ್ವೀಕರಿಸುತ್ತಾರೆ. ತಮ್ಮನ್ನೇ ಉದ್ದೇಶಿಸಿ ಮಾಡಿದ ಅಡುಗೆ ಅವರಿಗೆ ವರ್ಜ್ಯ. ಗೃಹಸ್ಥನು ತನ್ನ ಮನೆಯವರಿಗಾಗಿ ಶುದ್ಧವಾಗಿ ಮಾಡಿದ ಅಡುಗೆಯಲ್ಲಿ ಒಂದು ಪಾಲು ಮಾತ್ರ ಅವರಿಗೆ ಸಲ್ಲುತ್ತದೆ. ಅತಿಥಿಸಂವಿಭಾಗವೆಂಬ ವ್ರತದ ಹೆಸರಿನಲ್ಲೇ ಈ ಹಂಚಿಕೊಳ್ಳುವಿಕೆ ಇದೆ. ನಿತ್ಯದ ಅಡುಗೆಯೇ ಇಲ್ಲದ ಮನೆಯಲ್ಲಿ ಹಂಚಿಕೊಳ್ಳಲು ಏನಿರುತ್ತದೆ? ಹೋಟೆಲಿನ ಪೊಟ್ಟಣವನ್ನು ಯಾವ ಮುನಿಯ ಕೈಗೂ ಇಡಲಾಗದು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಮೊದಲನೆಯದು ಅಂಥ ಮನೆಗೆ ದೂರವಾಗುತ್ತದೆ.

ಉಳಿದ ಹಣದ ಮಾತೂ ಇದೆ. ಅದನ್ನು ಕೂಡಿಡುವುದಷ್ಟೇ ಗುರಿಯಾದರೆ ನಾಲಗೆಯ ಲೋಭವು ತಿಜೋರಿಯ ಲೋಭವಾಗಿ ವೇಷ ಬದಲಿಸಿದಂತಾಯಿತು. ಪರಿಗ್ರಹಕ್ಕೆ ಮಿತಿ ಹಾಕಿಕೊಂಡವನು ಮಕ್ಕಳ ವಿದ್ಯೆಗೆ, ಕಷ್ಟಕಾಲಕ್ಕೆ ಬೇಕಾದಷ್ಟನ್ನು ತೆಗೆದಿರಿಸಿ, ಮಿಕ್ಕುದನ್ನು ಔಷಧದಾನಕ್ಕೋ ಬಡ ವಿದ್ಯಾರ್ಥಿಯ ಪುಸ್ತಕಕ್ಕೋ ಕೊಡಬಹುದು.

ಮನೆಯೂಟವನ್ನು ಹೊಗಳುವವರು ಮರೆಯುವ ಪ್ರಶ್ನೆಯೊಂದು ಉಳಿದಿದೆ: ಬೇಯಿಸುವವರು ಯಾರು? ದುಡಿದು ದಣಿದು ಬಂದ ಗೃಹಿಣಿಯ ಹೆಗಲಿಗೇ ಎಲ್ಲವನ್ನೂ ಹೊರಿಸಿ ಕುಟುಂಬವು ಪುಣ್ಯ ಗಳಿಸಲು ಹೊರಟರೆ ಅದರಲ್ಲಿ ಅಹಿಂಸೆ ಎಲ್ಲಿದೆ? ಮುನಿಗಳನ್ನು ಆಹಾರಕ್ಕೆ ಆಹ್ವಾನಿಸುವಾಗ ಪತಿಪತ್ನಿಯರು ಕಲಶ ಹಿಡಿದು ಬಾಗಿಲಲ್ಲಿ ಜೊತೆಯಾಗಿ ನಿಲ್ಲುವ ವಾಡಿಕೆಯಿದೆ. ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು ಆ ವಾಡಿಕೆಯ ಹೊರಗೇಕೆ ಉಳಿಯಬೇಕು? ಮನೆಮಂದಿಯೆಲ್ಲ ಕುಳಿತು ಮಾತಾಡಿ, ಚಾತುರ್ಮಾಸದ ನಾಲ್ಕು ತಿಂಗಳ ಮಟ್ಟಿಗೆ ಕೆಲಸವನ್ನೂ ಹಂಚಿಕೊಂಡು ಈ ನಿಯಮವನ್ನು ಕೈಗೊಳ್ಳಲು ಅಡ್ಡಿಯೇನೂ ಇಲ್ಲ.