ಸೊಹಾರ್ ಗಾಳಿ, ಮೈಮೇಲಿನ ತುರಿಕೆ: ಸಂಶೋಧನೆಯ ಲೆಕ್ಕದಲ್ಲಿ ಕಾರ್ಮಿಕ ಎಲ್ಲಿದ್ದಾನೆ?

ಕ್ಯಾಂಪ್‌ಗಳಲ್ಲಿ ತುರಿಕೆ ಅಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ‘ಸೆಕೆ ಬೊಕ್ಕೆ’, ‘ಉಪ್ಪುನೀರಿನ ಸ್ನಾನ’, ‘ಊರಿಗೆ ಹೋದರೆ ಸರಿಯಾಗುತ್ತದೆ’ ಎಂಬ ಮಾತಲ್ಲೇ ಮುಗಿದುಹೋಗುತ್ತದೆ. ಊರಿಗೆ ಹೋದಾಗ ಕೆಲವರಿಗೆ ನಿಜಕ್ಕೂ ಕಡಿಮೆಯಾಗುತ್ತದೆ, ವಾಪಸ್ ಬಂದ ಕೆಲವೇ ವಾರಗಳಲ್ಲಿ ಮತ್ತೆ ಶುರು. ಇದರಲ್ಲಿ ಗಾಳಿಯ ಪಾಲು ಎಷ್ಟು ಎಂಬ ಪ್ರಶ್ನೆಗೆ ಈಗ ಸ್ವಲ್ಪ ಉತ್ತರ ಸಿಗುತ್ತಿದೆ. ಅದರಲ್ಲಿ ಒಂದು ಒಮಾನ್‌ನಿಂದಲೇ ಬಂದದ್ದು.

ಮಸ್ಕತ್‌ನಿಂದ ಸುಮಾರು 200 ಕಿ.ಮೀ. ದೂರದ ಸೊಹಾರ್‌ನಲ್ಲಿ ತೈಲ ಶುದ್ಧೀಕರಣ, ಅಲ್ಯೂಮಿನಿಯಂ, ಉಕ್ಕು, ಪೆಟ್ರೋಕೆಮಿಕಲ್ ಘಟಕಗಳು ಒಂದಕ್ಕೊಂದು ತಾಗಿಕೊಂಡಂತಿವೆ. ಅಲ್ಲಿನ ಕೈಗಾರಿಕಾ ವಲಯದ ಸುತ್ತ ವಾಸಿಸುವ 20 ವರ್ಷದೊಳಗಿನವರ ಆರೋಗ್ಯದ ಬಗ್ಗೆ ಅಲ್‌ವಹೈಬಿ ಮತ್ತು ಝೆಕಾ ಎಂಬ ಸಂಶೋಧಕರು ಮಾಡಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. 2006ರಿಂದ 2010ರವರೆಗೆ ಸರ್ಕಾರಿ ಕ್ಲಿನಿಕ್‌ಗಳಿಗೆ ಬಂದವರ ಲೆಕ್ಕವನ್ನು ಅವರು ತಿಂಗಳುವಾರು ನೋಡಿದರು. ಕೈಗಾರಿಕಾ ವಲಯದಿಂದ 10 ಕಿ.ಮೀ. ಒಳಗಿರುವವರನ್ನು 20 ಕಿ.ಮೀ. ಆಚೆಗಿರುವವರ ಜೊತೆ ಹೋಲಿಸಿದಾಗ, ಹತ್ತಿರದವರಲ್ಲಿ ಚರ್ಮದ ಉರಿಯೂತಕ್ಕಾಗಿ ಕ್ಲಿನಿಕ್‌ಗೆ ಹೋಗುವ ಪ್ರಮಾಣ ಎರಡೂವರೆ ಪಟ್ಟಿಗೂ ಮೇಲಿತ್ತು. ಉಬ್ಬಸಕ್ಕೆ ಮೂರು ಪಟ್ಟಿಗೂ ಮೇಲೆ.

ಇದನ್ನು ಓದುವಾಗ ಎರಡು ಎಚ್ಚರಿಕೆ ಬೇಕು. ಇಲ್ಲಿ ಎಣಿಸಿದ್ದು ಕ್ಲಿನಿಕ್ ಭೇಟಿಗಳನ್ನು. ಜೊತೆಗೆ ಚರ್ಮದ ಉರಿಯೂತ ಎಂಬ ಹೆಸರಿನಡಿ ಇಸುಬು, ಅಂದರೆ ಎಕ್ಸಿಮಾ, ಒಂದು ಭಾಗ ಮಾತ್ರ. ಆದರೂ ದೂರಕ್ಕೂ ರೋಗಕ್ಕೂ ಇರುವ ನಂಟು ಕಾಣುತ್ತದೆ.

ಬೇರೆ ದೇಶಗಳ ಅಧ್ಯಯನಗಳೂ ಅದೇ ದಿಕ್ಕಿನಲ್ಲಿವೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ವರದಿಯಲ್ಲಿ 2,86,862 ಮಂದಿಯ ದಾಖಲೆಗಳಿದ್ದವು. ಅವರಲ್ಲಿ 12,695 ಮಂದಿಗೆ ಇಸುಬು ಇತ್ತು. ಗಾಳಿಯಲ್ಲಿ ಪಿಎಂ 2.5 ಎಂಬ ಅತಿ ಸಣ್ಣ ಕಣಗಳು ಘನ ಮೀಟರ್‌ಗೆ 10 ಮೈಕ್ರೋಗ್ರಾಂ ಹೆಚ್ಚಿರುವ ಪ್ರದೇಶದವರಲ್ಲಿ ಇಸುಬಿನ ಸಾಧ್ಯತೆ ದುಪ್ಪಟ್ಟಿಗಿಂತ ಹೆಚ್ಚಿತ್ತು. 2018ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚಿನ ಹೊಗೆ ಸುಮಾರು 280 ಕಿ.ಮೀ. ದೂರದ ಸ್ಯಾನ್ ಫ್ರಾನ್ಸಿಸ್ಕೊ ತಲುಪಿದಾಗಲೂ ಅಲ್ಲಿನ ಚರ್ಮರೋಗ ಕ್ಲಿನಿಕ್‌ಗಳಲ್ಲಿ ಇಸುಬು, ತುರಿಕೆಯವರ ಸಂಖ್ಯೆ ಏರಿತ್ತು.

ಹೊಗೆಗೂ ಚರ್ಮಕ್ಕೂ ಏನು ಸಂಬಂಧ? ಚರ್ಮವನ್ನು ಹಂಚಿನ ಮಾಡಿನ ಹಾಗೆ ಅಂದುಕೊಳ್ಳಿ. ಹಂಚು ಜರುಗಿದರೆ ಮಳೆನೀರು ಒಳಗಿಳಿಯುತ್ತದೆ. ಚರ್ಮದ ಮೇಲ್ಪದರವನ್ನು ಬಿಗಿಯಾಗಿ ಹಿಡಿದಿಡುವ ಫಿಲಾಗ್ರಿನ್ ಎಂಬ ಪ್ರೋಟೀನನ್ನು ಹೊಗೆಯ ಕಣಗಳು ಕಡಿಮೆ ಮಾಡುತ್ತವೆ. ಆಗ ಒಳಗಿನ ತೇವ ಹೊರಹೋಗುತ್ತದೆ, ಧೂಳು ಮತ್ತು ರಾಸಾಯನಿಕ ಒಳಸೇರುತ್ತವೆ. ಜಪಾನ್‌ನ ತೊಹೊಕು ವಿಶ್ವವಿದ್ಯಾಲಯದವರು 2017ರಲ್ಲಿ ಇಲಿಗಳಲ್ಲಿ ಇನ್ನೊಂದು ಸಂಗತಿ ಕಂಡುಕೊಂಡರು: ಮಾಲಿನ್ಯದ ಅಂಶಗಳು ಚರ್ಮದಲ್ಲಿ ಆರ್ಟೆಮಿನ್ ಎಂಬ ವಸ್ತುವನ್ನು ಹೆಚ್ಚಿಸಿ, ನರಗಳ ತುದಿ ಮೇಲ್ಪದರದವರೆಗೆ ಬೆಳೆಯುವಂತೆ ಮಾಡುತ್ತವೆ. ಹಾಗಾಗಿ ಸಣ್ಣ ತಾಗುವಿಕೆಗೂ ತುರಿಕೆ. ತುರಿಸಿದಷ್ಟೂ ಚರ್ಮ ಮತ್ತಷ್ಟು ಒಡೆಯುತ್ತದೆ.

ಹಾಗಂತ ಎಲ್ಲ ತುರಿಕೆಯನ್ನೂ ಹೊಗೆಯ ಲೆಕ್ಕಕ್ಕೆ ಬರೆಯುವಂತಿಲ್ಲ. ಸಿಮೆಂಟ್ ಕೆಲಸದವರ ಕೈ ಬಿರುಕಿಗೆ ಅದರಲ್ಲಿನ ಕ್ರೋಮಿಯಂ ಕಾರಣವಾಗಿರಬಹುದು. ಯುರೋಪ್ 2005ರಿಂದಲೇ ಸಿಮೆಂಟ್‌ನಲ್ಲಿ ಅದಕ್ಕೆ ಮಿತಿ ಹಾಕಿದೆ. ಥಿನ್ನರ್, ಪೆಟ್ರೋಲ್‌ನಲ್ಲಿ ಕೈ ತೊಳೆಯುವುದೂ ಚರ್ಮವನ್ನು ಕೆಡಿಸುತ್ತದೆ. ರಾತ್ರಿ ತುರಿಕೆ ಜಾಸ್ತಿಯಾಗಿ, ಒಂದೇ ರೂಮಿನ ಮೂರ್ನಾಲ್ಕು ಜನಕ್ಕೆ ಬಂದರೆ ಅದು ಕಜ್ಜಿ ಇರಬಹುದು. ಕಜ್ಜಿ ಹರಡುತ್ತದೆ, ರೂಮಿನ ಎಲ್ಲರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಇಸುಬು ಹರಡುವುದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮಂದಿ ರೂಮಿನಲ್ಲಿ ಪ್ರತ್ಯೇಕ ತಟ್ಟೆ, ಪ್ರತ್ಯೇಕ ಮೂಲೆ ಎಂಬ ಅವಮಾನ ಅನುಭವಿಸುತ್ತಾರೆ.

ಇನ್ನೊಂದು ಅಪಾಯ ಊರಿನಿಂದ ಬರುವ ಟ್ಯೂಬ್. ಹುಳಕಡ್ಡಿ ಎಂದುಕೊಂಡು ಹಚ್ಚುವ ಹಲವು ಮಿಶ್ರ ಮುಲಾಮುಗಳಲ್ಲಿ ಬಲವಾದ ಸ್ಟೀರಾಯ್ಡ್ ಇರುತ್ತದೆ. ಎರಡು ದಿನ ಹಾಯೆನಿಸುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಹುಳಕಡ್ಡಿಯೇ ಆಗಿದ್ದರೆ ಇನ್ನಷ್ಟು ಹಬ್ಬುತ್ತದೆ. ಮಕ್ಕಳಿಗಂತೂ ವೈದ್ಯರನ್ನು ಕೇಳದೆ ಹಚ್ಚಲೇಬಾರದು.

ಈಗ ಮುಖ್ಯ ಪ್ರಶ್ನೆ. ಸೊಹಾರ್ ಅಧ್ಯಯನ ನೋಡಿದ್ದು 20 ವರ್ಷದೊಳಗಿನವರನ್ನು. ಅದೇ ಹೊಗೆಯಲ್ಲಿ ಪಾಳಿ ದುಡಿದು, ಪಕ್ಕದ ಕ್ಯಾಂಪ್‌ನಲ್ಲೇ ಮಲಗುವ ವಯಸ್ಕ ಕಾರ್ಮಿಕ ಆ ಲೆಕ್ಕದಲ್ಲಿಲ್ಲ. ಫಾರ್ಮಸಿಯಲ್ಲಿ ಟ್ಯೂಬ್ ಕೊಂಡವನ ಹೆಸರು ಯಾವ ದಾಖಲೆಗೂ ಸೇರುವುದಿಲ್ಲ. ಡಾಕ್ಟರ್ ಹತ್ತಿರ ಹೋದರೆ ‘ಅನ್‌ಫಿಟ್’ ಅಂದುಬಿಟ್ಟಾರು ಎಂಬ ಭಯವೂ ಇದೆ. ಆದರೆ ವೀಸಾ ಮೆಡಿಕಲ್‌ನಲ್ಲಿ ಮುಖ್ಯವಾಗಿ ಹುಡುಕುವುದು ಕ್ಷಯ, ಎಚ್‌ಐವಿ, ಹೆಪಟೈಟಿಸ್‌ನಂಥ ಸೋಂಕುಗಳನ್ನು. ಇಸುಬು ಸೋಂಕಲ್ಲ.

ಕಾನೂನಿನ ಕಡೆ ನೋಡಿದರೆ, ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲು ಕೆಲಸಕ್ಕೆ ಒಮಾನ್‌ನಲ್ಲಿ ನಿಷೇಧವಿದೆ. ಅದು ಬಿಸಿಲಿಗಾಗಿ ಮಾಡಿದ ನಿಯಮ, ಹೊಗೆ ತಪ್ಪಿಸಲಿಕ್ಕಲ್ಲ. 2023ರ ಕಾರ್ಮಿಕ ಕಾನೂನು ವರ್ಷಕ್ಕೆ 182 ದಿನಗಳವರೆಗೆ ಅನಾರೋಗ್ಯ ರಜೆ ಕೊಡುತ್ತದೆ, ಮೊದಲ 21 ದಿನ ಪೂರ್ತಿ ಸಂಬಳ. ಅದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. ಅಂದರೆ ಕಾಗದ ಇಲ್ಲದವನಿಗೆ ಹಕ್ಕೂ ಕೈಗೆ ಸಿಗುವುದಿಲ್ಲ.

ಮಾಡಬಹುದಾದದ್ದು ಇಷ್ಟು. ಡ್ಯೂಟಿ ಮುಗಿದ ಕೂಡಲೇ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿ, ಮೈ ಒದ್ದೆಯಿರುವಾಗಲೇ ವಾಸಲೀನ್ ಅಥವಾ ವಾಸನೆಯಿಲ್ಲದ ಕ್ರೀಮ್ ಹಚ್ಚುವುದು. ಯೂನಿಫಾರ್ಮನ್ನು ಹಾಸಿಗೆ ಮೇಲೆ ಹಾಕದೆ ಬೇರೆಯಾಗಿ ಒಗೆಯುವುದು. ಒಳಗೆ ಹತ್ತಿ ಬಟ್ಟೆ ತೊಡುವುದು. ತುರಿಕೆ ಯಾವ ದಿನ, ಯಾವ ಸೈಟ್‌ನಲ್ಲಿ, ಯಾವ ಕೆಲಸದಲ್ಲಿ ಜಾಸ್ತಿಯಾಯಿತು ಎಂದು ಮೊಬೈಲ್‌ನಲ್ಲಿ ಫೋಟೊ ಸಮೇತ ಬರೆದಿಡುವುದು. ಕೀವು, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗುವುದು. ವೈದ್ಯರಿಗೆ ‘ತುರಿಕೆ’ ಎಂದಷ್ಟೇ ಹೇಳದೆ, ಮಾಡುವ ಕೆಲಸವನ್ನೂ ಹೇಳಿ ಚೀಟಿಯಲ್ಲಿ ಬರೆಸಿಕೊಳ್ಳುವುದು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ರ ವಾರ್ಷಿಕ ಮಿತಿಯನ್ನು 10ರಿಂದ 5 ಮೈಕ್ರೋಗ್ರಾಂಗೆ ಇಳಿಸಿತು. ಮರಳುಗಾಡಿನ ಧೂಳೂ ಸೇರುವ ಕೊಲ್ಲಿ ದೇಶಗಳಿಗೆ ಅದು ದೂರದ ಗುರಿ. ಧೂಳನ್ನು ಯಾರೂ ನಿಲ್ಲಿಸಲಾರರು, ಚಿಮಣಿಯ ಹೊಗೆಯನ್ನು ಅಳೆಯಬಹುದು, ಕ್ಯಾಂಪನ್ನು ದೂರ ಕಟ್ಟಬಹುದು. ಅದಕ್ಕಾಗಿ ಕೇಳಬೇಕಾದರೆ ಕಾರ್ಮಿಕರ ಕಾಯಿಲೆಯ ದಾಖಲೆ ಇರಬೇಕು, ಆ ದಾಖಲೆ ಶುರುವಾಗುವುದು ಕ್ಲಿನಿಕ್ ಚೀಟಿಯಿಂದ.